ತೂತು ಬಿದ್ದ ಐದು ಕೇಜಿ ಕಲ್ಲು

ಮೊನ್ನೆ ಬೆಳಿಗ್ಗೆ ಹಾಲು ತಗೊಳ್ಳೋಕೆ ಅಂತ ಬಾಗಿಲಿಗೆ ಹೋದವನ ಕಾಲಿನ ಹೆಬ್ಬೆರಳು ಐದು ಕೇಜಿ ತೂಕದ ಕಲ್ಲಿಗೆ ಹೋಗಿ ಬಡಿಯಿತು. ಕಲ್ಲು ಅನ್ನೋದು ಹೆಸರಷ್ಟೇ, ಅದು ಎರಕದ ಕಬ್ಬಿಣ. ನಾನು ಕಾಲು ಹಿಡಕೊಂಡು ಒಂಟಿಕಾಲಲ್ಲಿ ಕುಣೀತಾ ಇದ್ದರೆ ನನ್ನ ಹೆಂಡತಿ ಶಾಂತ ಅಡಿಗೆಮನೆಯಿಂದಲೇ, "ಅದು ದಿನಾ ಅಲ್ಲೇ ಇರ್ತದೆ. ನಿಮ್ಮ ಕಣ್ಣು ಎಲ್ಲಿತ್ತೋ ನೋಡ್ಕಳ್ಳಿ" ಅಂದಳು. ಕಣ್ಣು ಮೋಡದ ಕಡೆಗಿತ್ತು. ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ, ಆಕಾಶ ಮುಚ್ಚಿಕೊಂಡರೆ ಹೇಗಪ್ಪ ಅನ್ನೋ ಯೋಚನೆಯಲ್ಲಿದ್ದೆ.

ಈ ಕಲ್ಲಿಗೆ ನಮ್ಮ ಮನೆಯಲ್ಲಿ ಎರಡು ನೌಕರಿ. ತಿಂಗಳಲ್ಲಿ ಇಪ್ಪತ್ತೇಳು ದಿನ ಗಾಳಿಗೆ ಬಾಗಿಲು ಬಡಕೊಳ್ಳದ ಹಾಗೆ ತಡೆಯೋದು. ಅಮಾವಾಸ್ಯೆ ಹಿಂದುಮುಂದಿನ ಎರಡು ಮೂರು ದಿನ ನನ್ನ ಟೆಲಿಸ್ಕೋಪಿಗೆ ಜೋತುಬೀಳೋದು. ಎರಡನೆಯ ನೌಕರಿಗೆ ಅಂತಲೇ ಅದರ ಹೊಟ್ಟೆಯ ನಟ್ಟನಡುವೆ ಆಚೆಯಿಂದ ಈಚೆಗೆ ಕಾಣೋ ಹಾಗೆ ಒಂದು ತೂತು ಹೊಡೆಸಿದ್ದೀನಿ. ನಿಮ್ಮಂಥವರ ಕಣ್ಣಿಗೆ ಅದು ಬರೀ ತೂತು. ನಮ್ಮ ತೂಕದ ಕಸುಬಿನ ಹಳಬರು ಯಾರಾದರೂ ನೋಡಿದರೆ ಮಾತ್ರ ನಮ್ಮ ಮನೇಲಿ ನೀರೂ ಕುಡಿಯದೆ ಎದ್ದು ಹೋಗ್ತಾರೆ. ಯಾಕೆ ಅಂದರೆ ತೂಕದ ಕಲ್ಲನ್ನ ಕೊರೆಯೋನು ಒಬ್ಬನೇ, ಕಳ್ಳ. ಕಲ್ಲಿನ ಹೊಟ್ಟೆ ಕೊರೆದು ಕಬ್ಬಿಣ ತೆಗೆದು, ಬಾಯಿಗೆ ಮೇಣ ಮೆತ್ತಿ ಕಪ್ಪು ಬಳಿದುಬಿಟ್ಟರೆ ಐದು ಕೇಜಿ ಅಂತ ನಾಲ್ಕೂಮುಕ್ಕಾಲು ಕೊಡಬಹುದು. ಇಂಥ ಕಲ್ಲು ಸಿಕ್ಕಿಬಿದ್ದ ಅಂಗಡಿಯವನಿಗೆ ಹೆಣ್ಣು ಕೊಡ್ತಿರಲಿಲ್ಲ ಅಂತ ನಮ್ಮಪ್ಪ ಹೇಳೋದು.

ಆ ತೂತಿನ ಬಗ್ಗೆ ನನಗೆ ಹೆಮ್ಮೆ ಇದೆ. ಮುಚ್ಚುಮರೆ ಏನಿಲ್ಲ, ಎದೆ ತಟ್ಟಿಕೊಂಡು ಹೇಳ್ತೀನಿ. ಆದರೆ ಆ ಹೆಮ್ಮೆ ಬರೋಕೆ ಮುಂಚೆ ಮೂರು ದಿನ ನಮ್ಮ ಮನೆಯಲ್ಲಿ ಯಾರ ಗಂಟಲಲ್ಲೂ ಅನ್ನ ಸರಿಯಾಗಿ ಇಳಿಯಲಿಲ್ಲ.

ಮೊದಲು ನಾನ್ಯಾರು ಅಂತ ಹೇಳಿಬಿಡ್ತೀನಿ. ಹಿಂದೂಪುರದಲ್ಲಿ ನನ್ನದು ಎಲೆಕ್ಟ್ರಾನಿಕ್ ಕಾಟಾ, ಅಂದರೆ ತೂಕದ ಮಿಷನ್ನು, ರಿಪೇರಿ ಮಾಡೋ ಅಂಗಡಿ. ಹುಣಸೇಹಣ್ಣಿನ ಮಂಡಿಯವರು, ಮೆಣಸಿನಕಾಯಿಯವರು, ಕೋಳಿ ಅಂಗಡಿಯವರು, ಯಾರ ಕಾಟಾದ ಮುಂದೆ ಕೆಂಪು ಅಂಕಿ ಕುಣಿದರೂ ನನ್ನ ಹತ್ರ ಬರ್ತಾರೆ. ನಮ್ಮ ಮೂಲ ಕಲ್ಯಾಣದುರ್ಗ. ಅಲ್ಲಿ ಅಪ್ಪನಿಗೆ ಬೆಲ್ಲ, ಹುಣಸೇಹಣ್ಣು, ಕಡ್ಲೆಕಾಯಿ ಬೀಜದ ಅಂಗಡಿ ಇತ್ತು. ಈಗ ಅಪ್ಪನಿಗೆ ಎಂಬತ್ತನಾಲ್ಕು. ದಿನಾ ಬೆಳಿಗ್ಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನನ್ನ ಜೊತೆಗೇ ಅಂಗಡಿಗೆ ಬಂದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರ್ತಾನೆ. ಬಂದವರನ್ನ ಮಾತಾಡಿಸ್ತಾನೆ, ಅವರ ಊರು, ಮನೆತನ ಎಲ್ಲ ಕೇಳ್ತಾನೆ. ಒಂದೇ ಒಂದು ಕೆಲಸ ಮಾಡಲ್ಲ. ಕಾಟಾ ಮುಟ್ಟಲ್ಲ. ಕೈಯಳತೆಯಲ್ಲಿ ಹತ್ತು ಕಾಟಾ ಇದ್ದರೂ ಒಂದಕ್ಕೂ ಬೆರಳು ತಾಗಿಸಲ್ಲ. ವಯಸ್ಸಾಯಿತು, ಅದಕ್ಕೆ ಅಂತ ಬಂದವರು ಅಂದುಕೊಳ್ತಾರೆ. ಕಾರಣ ನನಗೆ ಗೊತ್ತು, ಅವನಿಗೆ ಗೊತ್ತು.

ಕಲ್ಯಾಣದುರ್ಗದ ಆ ಅಂಗಡಿಯ ವಾಸನೆ ಈಗಲೂ ನನ್ನ ಮೂಗಲ್ಲಿದೆ. ಗೋಣಿಚೀಲ, ಹಳೇ ಬೆಲ್ಲ, ಅಪ್ಪನ ವಿಭೂತಿ ಮೂರೂ ಕಲೆತ ವಾಸನೆ. ಅಂಗಡಿಯ ನಡುವಿನ ತೊಲೆಯಿಂದ ದೊಡ್ಡ ತಕ್ಕಡಿ ಇಳಿಬಿಟ್ಟಿತ್ತು. ಅಂಗಡಿ ತೆಗೆದ ಕೂಡಲೇ ಅಪ್ಪ ದೇವರಿಗೆ ಕೈ ಮುಗಿಯೋಕೂ ಮುಂಚೆ ತಕ್ಕಡಿಯ ಎರಡೂ ತಟ್ಟೆ ಒರೆಸುತ್ತಿದ್ದ. ಗಿರಾಕಿ ಇಲ್ಲದಾಗ ನನ್ನನ್ನ ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದರಲ್ಲಿ ಬೆಲ್ಲದ ಅಚ್ಚು ಪೇರಿಸಿ, "ನೋಡ್ಲಾ, ನೀನು ಹದಿನೆಂಟು ಅಚ್ಚು" ಅನ್ನೋನು. ನಾನು ಶಾಲೆಯಲ್ಲಿ ಮೇಷ್ಟ್ರು ತೂಕ ಕೇಳಿದಾಗ ಹದಿನೆಂಟು ಅಚ್ಚು ಬೆಲ್ಲ ಅಂತಲೇ ಹೇಳಿ ಕಿವಿ ಹಿಂಡಿಸಿಕೊಂಡಿದ್ದೆ.

ಅಪ್ಪ ತೂಗೋದರಲ್ಲಿ ಒಂದು ಪದ್ಧತಿ ಇತ್ತು. ಅದಕ್ಕೆ ನಮ್ಮ ಕಡೆ ಮೊಗ್ಗು ಅಂತಾರೆ. ಹೂವಿನ ಮೊಗ್ಗಲ್ಲ, ಇದು ತೆಲುಗಿನಿಂದ ಬಂದ ಮಾತು, ತಕ್ಕಡಿ ಒಂದು ಕಡೆಗೆ ಬಾಗೋದು ಅಂತ ಅರ್ಥ. ಗಿರಾಕಿಗೆ ತೂಗುವಾಗ ಎರಡು ತಟ್ಟೆ ಸಮ ಆದರೆ ಸಾಲದು. ಇನ್ನೊಂದು ಚೂರು ಹಾಕಬೇಕು, ಸರಕಿನ ತಟ್ಟೆ ಒಂದು ಬೆರಳು ಕೆಳಗೆ ಬಾಗಬೇಕು, ಗಿರಾಕಿಯ ಕಣ್ಣು ಅದನ್ನ ನೋಡಬೇಕು. ಆಮೇಲೇ ಅಪ್ಪ ತಟ್ಟೆ ಎತ್ತುತ್ತಿದ್ದ. ಹಳ್ಳಿಯಿಂದ ಬಂದ ಹೆಂಗಸರು, "ಮೊಗ್ಗು ಕೊಡಣ್ಣಾ" ಅಂತ ಕೇಳೋಕೆ ಮುಂಚೆಯೇ ಕೊಟ್ಟಿರುತ್ತಿದ್ದ. ಕೇಳಿಸಿಕೊಂಡು ಕೊಟ್ಟರೆ ಅದು ಮೊಗ್ಗಲ್ಲ, ಭಿಕ್ಷೆ ಅನ್ನೋದು ಅವನ ಲೆಕ್ಕ.

ಬೇಸಿಗೆಯಲ್ಲಿ ನಾವೆಲ್ಲ ಮಾಳಿಗೆ ಮೇಲೆ ಮಲಗೋದು. ಅಪ್ಪನಿಗೆ ನಕ್ಷತ್ರದ ಹೆಸರು ಪಂಚಾಂಗದಲ್ಲಿರೋ ಹಾಗೆ ಬರ್ತಿರಲಿಲ್ಲ. ಕೃತ್ತಿಕೆ ಅವನಿಗೆ ಪಿಲ್ಲಲಕೋಡಿ, ಮರಿಗಳ ಜೊತೆ ಇರೋ ಕೋಳಿ. ಮೃಗಶಿರದ ಹತ್ರ ಸಾಲಾಗಿ ಮೂರು ಚುಕ್ಕಿ ಇದೆಯಲ್ಲ, ಅದು ತಕ್ಕಡಿ. ಮೂರು ಚುಕ್ಕಿ ತಕ್ಕಡಿಯ ಕೋಲು, ಅದರ ಕೆಳಗೆ ಮಸುಕಾಗಿ ಜೋತುಬಿದ್ದಿರೋದು ಸರಕು. ಊರಿನ ಬೇರೆ ಯಾರೂ ಅದಕ್ಕೆ ತಕ್ಕಡಿ ಅನ್ನುತ್ತಿರಲಿಲ್ಲ ಅಂತ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. "ನೋಡು, ಕೋಲು ನೆಟ್ಟಗಿಲ್ಲ, ಬಾಗೈತೆ. ಮ್ಯಾಲಿರೋನೂ ಮೊಗ್ಗು ಕೊಟ್ಟೇ ತೂಗ್ತಾನೆ" ಅಂತ ಅಪ್ಪ ಹೇಳಿದರೆ ನಾನು ನಂಬಿಕೊಂಡು ನಿದ್ದೆ ಹೋಗ್ತಿದ್ದೆ.

ನಂಬಿಕೆ ಬಿಟ್ಟಿದ್ದು ಇಪ್ಪತ್ತೆರಡನೇ ವಯಸ್ಸಿಗೆ. ಎಲೆಕ್ಟ್ರಾನಿಕ್ ಕಾಟಾ ರಿಪೇರಿ ತರಬೇತಿ ಮುಗಿಸಿಕೊಂಡು ಒಂದು ಹೊಸ ಕಾಟಾ ಹೆಗಲ ಮೇಲಿಟ್ಟುಕೊಂಡು ಕಲ್ಯಾಣದುರ್ಗಕ್ಕೆ ಬಂದಿಳಿದೆ. ಜಗತ್ತಿನಲ್ಲಿ ಅಷ್ಟು ನಿಖರವಾದ ವಸ್ತು ಇನ್ನೊಂದಿಲ್ಲ ಅಂತ ನನ್ನ ಭಾವನೆ. ಸೊನ್ನೆ ಅಂದರೆ ಸೊನ್ನೆ. ಅವತ್ತು ಅಂಗಡಿ ತುಂಬ ಜನ. ಅಪ್ಪ ಒಬ್ಬರಿಗೆ ಒಂದು ಕೇಜಿ ಬೆಲ್ಲ ತೂಗಿ ಕಟ್ಟಿದ. ನಾನು ಆ ಪೊಟ್ಟಣ ಅವನ ಕೈಯಿಂದ ತಗೊಂಡು ನನ್ನ ಕಾಟಾದ ಮೇಲಿಟ್ಟೆ. ಹತ್ತೋ ಹದಿನೈದೋ ಗ್ರಾಂ ಜಾಸ್ತಿ ತೋರಿಸಿತು ಅಂತ ನನ್ನ ನೆನಪು. ಎಲ್ಲರಿಗೂ ಕೇಳೋ ಹಾಗೆ, "ನಿನ್ನ ತಕ್ಕಡಿ ಸುಳ್ಳು ಹೇಳ್ತದಪ್ಪ" ಅಂದೆ. ನಗಬೇಕು ಅಂತ ಅಂದ ಮಾತು. ನಾಲ್ಕು ಜನ ನಕ್ಕರು ಕೂಡ. ಅಪ್ಪ ನಗಲಿಲ್ಲ. ಒಬ್ಬ ತಕ್ಕಡಿ ಹಿಡಿಯೋ ಮನುಷ್ಯನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ ಅಂತ ಆ ವಯಸ್ಸಿಗೆ ನನಗೆ ಗೊತ್ತಾಗಲಿಲ್ಲ.

ಆ ಸಂಜೆ ಅಪ್ಪ ತೊಲೆಯಿಂದ ತಕ್ಕಡಿ ಇಳಿಸಿ ಗೋಣಿತಾಟಿನಲ್ಲಿ ಸುತ್ತಿಟ್ಟ. "ಇನ್ಮ್ಯಾಕೆ ನೀನೇ ತೂಗಪ್ಪ" ಅಂದ. ಸಿಟ್ಟಿಲ್ಲ, ಗಲಾಟೆ ಇಲ್ಲ. ಅವತ್ತಿನಿಂದ ಅವನು ಏನನ್ನೂ ತೂಗಲಿಲ್ಲ. ಆಮೇಲೆ ಅಂಗಡಿ ಮುಚ್ಚಿತು, ನಾವು ಹಿಂದೂಪುರಕ್ಕೆ ಬಂದೆವು, ನನ್ನ ಮದುವೆ, ಮಕ್ಕಳ ಮದುವೆ ಎಲ್ಲ ಆಯಿತು. ಮೂವತ್ತು ವರ್ಷದ ಮೇಲೆ ದಾಟಿತು. ಆ ಒಂದು ಮಾತು ವಾಪಸು ತಗೋಬೇಕು ಅಂತ ನಾನು ಎಷ್ಟು ಸಲ ಬಾಯಿ ತೆರೆದಿದ್ದೀನೋ. ಪ್ರತಿ ಸಲವೂ, "ಅಪ್ಪಾ, ಊಟ ಆಯ್ತಾ?" ಅಂತ ಕೇಳಿ ಬಾಯಿ ಮುಚ್ಚಿಕೊಂಡಿದ್ದೀನಿ.

ಈಗ ಟೆಲಿಸ್ಕೋಪಿನ ಕಥೆ. ಮೊಮ್ಮಗಳಿಗೆ ಅಂತ ಹೇಳಿ ತರಿಸಿದ್ದು. ಅವಳು ಎರಡು ದಿನ ಚಂದ್ರನ್ನ ನೋಡಿ, ಅಷ್ಟೇನಾ ತಾತ ಅಂದು ತನ್ನೂರಿಗೆ ಹೋದಳು. ನನಗೆ ಮಾತ್ರ ಹುಚ್ಚು ಹಿಡೀತು. ನೋಡಿದರೆ ಸಾಲದು, ಫೋಟೋ ತೆಗೀಬೇಕು. ಅದೂ ಅಪ್ಪನ ತಕ್ಕಡಿಯ ಫೋಟೋ. ಯಾಕೆ ಅದೇ ಅಂತ ಆಗ ನನ್ನನ್ನೇ ಕೇಳಿಕೊಳ್ಳಲಿಲ್ಲ. ಆ ಮಸುಕು ಸರಕು ನಿಜವಾಗಿ ಹೊಳೆಯೋ ಧೂಳಿನ ಮೋಡವಂತೆ, ಬರಿಗಣ್ಣಿಗೆ ಕಾಣದ ಬಣ್ಣವೆಲ್ಲ ಅದರಲ್ಲಿದೆಯಂತೆ. ಆದರೆ ಆ ಬಣ್ಣ ಬೀಳಬೇಕಾದರೆ ಕ್ಯಾಮೆರಾ ಕಣ್ಣು ಎರಡು ಮೂರು ನಿಮಿಷ ತೆರೆದೇ ಇರಬೇಕು. ಅಷ್ಟು ಹೊತ್ತೂ ಟೆಲಿಸ್ಕೋಪು ನಕ್ಷತ್ರದ ಹಿಂದೆಯೇ ಸಣ್ಣಗೆ ತಿರುಗುತ್ತಾ ಹೋಗಬೇಕು, ಒಂದು ಕೂದಲಿನಷ್ಟೂ ಅಲುಗಬಾರದು.

ನಮ್ಮ ಮಾಳಿಗೆ ಮೇಲೆ ಅಲುಗದೆ ಇರೋದು ಟ್ಯಾಂಕಿನ ನೀರು ಒಂದೇ, ಅದೂ ಖಾಲಿ ಇದ್ದಾಗ. ಟೆಲಿಸ್ಕೋಪಿನ ಜೊತೆ ಬಂದ ಮೂರು ಕಾಲಿನ ಸ್ಟ್ಯಾಂಡು ಮದುವೆ ಮನೆಯ ಬಾಡಿಗೆ ಕುರ್ಚಿಗಿಂತ ಕಡೆ. ಕೆಳಗೆ ಶಾಂತ ಗ್ರೈಂಡರ್ ಹಾಕಿದರೆ ಮೇಲೆ ಗುರುಗ್ರಹ ನಡುಗೋನು. ರೈಲು ಹೋದರೆ ಶನಿಯ ಬಳೆ ಮೂರಾಗೋದು. "ನೀವು ಉಸಿರು ಬಿಟ್ರೂ ಚಂದ್ರ ಅಲ್ಲಾಡ್ತಾನಲ್ರೀ" ಅಂತ ಶಾಂತ ನಕ್ಕಳು. ಅವಳು ಸುಳ್ಳು ಹೇಳಲಿಲ್ಲ, ನಾನು ಉಸಿರು ಬಿಗಿಹಿಡಿದು ತೆಗೆದ ಫೋಟೋಗಳೂ ಅಲುಗಿಯೇ ಬಂದವು.

ಆಗ ನನಗೆ ಒಂದು ವಿಷಯ ಹೊಳೆಯಿತು. ಜನ ಟೆಲಿಸ್ಕೋಪು ಅಂದರೆ ಕೊಳವೆ ಎಷ್ಟು ದಪ್ಪ ಅಂತ ಕೇಳ್ತಾರೆ. ಅದನ್ನ ಹೊತ್ತುಕೊಳ್ಳೋ ಮೌಂಟು ಎಷ್ಟು ಗಟ್ಟಿ ಅಂತ ಯಾರೂ ಕೇಳಲ್ಲ. ನಮ್ಮ ಕಾಟಾಗಳೂ ಹಾಗೇ, ಎಲ್ಲರೂ ಮುಂದಿನ ಅಂಕಿ ನೋಡ್ತಾರೆ, ಕೆಳಗಿರೋ ನಾಲ್ಕು ಕಾಲು ನೋಡಲ್ಲ. ಹತ್ತು ರಿಪೇರಿಯಲ್ಲಿ ಆರು ಬರೀ ಕಾಲಿನ ತಪ್ಪು. ಹಾಗಾಗಿ ಮೌಂಟು ಆರಿಸೋ ವಿಷಯದಲ್ಲಿ ನನ್ನಷ್ಟು ಲಾಯಕ್ಕಾದ ಮನುಷ್ಯ ಈ ಜಿಲ್ಲೆಯಲ್ಲಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ. ಎಂಟು ತಿಂಗಳು ಓದಿದೆ. ಕೊಳವೆಯ ತೂಕ ಎಷ್ಟೋ ಅದರ ದುಪ್ಪಟ್ಟು ಹೊರಬಲ್ಲ ಮೌಂಟು ತಗೋ ಅಂತ ಎಲ್ಲರೂ ಬರೆದಿದ್ದರು. ನಾನು ಮೂರು ಪಟ್ಟು ಹೊರೋದನ್ನ ಆರಿಸಿದೆ. ಕಾಟಾದವನ ಜಂಬ.

ಪಾರ್ಸಲ್ ಲಾರಿ ಹಿಂದೂಪುರಕ್ಕೆ ಬರಲ್ಲ ಅಂತ ಕೊಡಿಕೊಂಡ ಚೆಕ್‌ಪೋಸ್ಟಿನ ಒಂದು ಢಾಬಾದಲ್ಲಿ ಇಳಿಸಿ ಹೋದರು. ನಾನು ಆಟೋ ಮಾಡಿಕೊಂಡು ಹೋದೆ. ಪೆಟ್ಟಿಗೆ ಎತ್ತೋಕೆ ಕೈ ಕೊಟ್ಟ ಢಾಬಾದವನು, "ಏಮಿಟಿ ಸಾರ್, ಬೋರ್ ಮೋಟರಾ?" ಅಂದ. ನಕ್ಷತ್ರದ ಫೋಟೋ ತೆಗೆಯೋಕೆ ಅಂದೆ. ಅವನು ಪೆಟ್ಟಿಗೆಯನ್ನ ಆಟೋದೊಳಗೆ ತಳ್ಳಿ, ಮನೇಲಿ ಹೆಂಗಸರು ಏನೂ ಅನ್ನಲ್ವಾ ಅಂತ ಮೆಲ್ಲಗೆ ಕೇಳಿದ.

ಮನೆಗೆ ತಂದು ಜೋಡಿಸಿದ ಮೇಲೆ ಇನ್ನೊಂದು ಪೇಚು. ಈ ಮೌಂಟು ತಿರುಗೋ ಅಚ್ಚು ಧ್ರುವನಕ್ಷತ್ರಕ್ಕೆ ಗುರಿ ಇಟ್ಟು ನಿಲ್ಲಬೇಕು. ಇದನ್ನ ಮಾಡಿದೋರು ಯಾವುದೋ ಚಳಿ ದೇಶದವರು, ಅಲ್ಲಿ ಧ್ರುವ ಅರ್ಧ ಆಕಾಶಕ್ಕೆ ಏರಿರ್ತಾನೆ. ನಮ್ಮ ಕಡೆ ಅವನು ಹೊಲದ ಬದುವಿನ ಮೇಲೆ ಕೂತ ಹಾಗೆ ಕೆಳಗೇ ಇರ್ತಾನೆ. ಅಷ್ಟು ಕೆಳಕ್ಕೆ ಅಚ್ಚು ಬಾಗಿಸಿದರೆ ಸಮತೂಕದ ಕಲ್ಲು ಹಾಕೋ ಸರಳು ಹೋಗಿ ಸ್ಟ್ಯಾಂಡಿನ ಕಾಲಿಗೆ ಡಿಕ್ಕಿ ಹೊಡೀತಿತ್ತು. ಮೂರು ಕಾಲಿನ ಸ್ಟ್ಯಾಂಡೇ ನಮ್ಮ ಆಕಾಶಕ್ಕೆ ಆಗಿಬರಲ್ಲ. ಒಂಟಿ ಕಂಬ ಬೇಕು, ಅಲುಗದ ಕಂಬ, ಕತ್ತಲಿರೋ ಜಾಗದಲ್ಲಿ.

ಕಂಬ ಸಿಕ್ಕಿದ್ದು ಬ್ರಹ್ಮಸಮುದ್ರದ ಹತ್ರ ನಮ್ಮ ಅಕ್ಕನ ಹೊಲದಲ್ಲಿ. ಹಬ್ಬಕ್ಕೆ ಹೋದಾಗ ಭಾವನ ಜೊತೆ ಹೊಲ ಸುತ್ತುತ್ತಾ ಕಾಲು ನೋವು ಅಂತ ಒಂದು ಕಡೆ ಕೂತೆ. ಕೂತದ್ದು ಬೋರ್‌ವೆಲ್ಲಿನ ಕೇಸಿಂಗ್ ಪೈಪಿನ ಮೇಲೆ. ಭಾವನಿಗೆ ಮೂರು ಬೋರು, ಎರಡರಲ್ಲಿ ಚೆನ್ನಾಗಿ ನೀರಿದೆ, ಇದು ಮಾತ್ರ ಒಣಗಿದ್ದು. ನೆಲದಿಂದ ಮೊಣಕಾಲುದ್ದ ಮೇಲೆ ಬಂದಿರೋ ಕಬ್ಬಿಣದ ಪೈಪು, ಬಾಯಿಗೆ ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿದ್ದರು. ಕೆಳಗೆ ನಲವತ್ತಡಿ ಇಳಿದು ಬಂಡೆ ಕಚ್ಚಿಕೊಂಡಿದೆ. ನಾನು ಎದ್ದು ಅದನ್ನ ತಳ್ಳಿದೆ. ಒದ್ದೆ. ಮೈಯೆಲ್ಲ ಹಾಕಿ ನೂಕಿದೆ. ಭಾವ, "ಏನ್ಲಾ ಮಾಡ್ತಿದ್ದೀಯಾ, ಅದೇನು ಮಾಡ್ತು ನಿಂಗೆ?" ಅಂದ. "ಭಾವ, ಇದು ನಂಗೆ ಬೇಕು" ಅಂದೆ. ಭಾವ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಎಂಟುನೂರು ಅಡಿ ಕೆಳಗೆ ಹುಡುಕುದ್ರೂ ಏನೂ ಸಿಗ್ನಿಲ್ಲ. ನೀನು ಮ್ಯಾಲೆ ಹುಡುಕ್ತೀಯಾ? ಹುಡುಕಪ್ಪ. ಸಿಕ್ಕುದ್ರೆ ನಂಗೂ ಒಂದು ಬಿಂದಿಗೆ ಕೊಡು" ಅಂದ. ಊರಿನವರೆಲ್ಲ ಅವನನ್ನ ಒಣಬೋರು ಅಂತ ಆಡಿಕೊಳ್ತಿದ್ದ ಪೈಪದು. ಅದರ ಮೇಲೆ ಇನ್ನೊಂದು ಮೂರಡಿ ಪೈಪು ಬೆಸೆದು ಮೌಂಟು ಕೂರಿಸಿದೆ. ಭಾವ ಈಗ ಬಂದವರಿಗೆಲ್ಲ ತಾನೇ ಕರಕೊಂಡು ಹೋಗಿ ತೋರಿಸ್ತಾನೆ, ಮೂರನೇ ಬೋರು ಹೊಡೆಸಿದ್ದೇ ಇದಕ್ಕೆ ಅನ್ನೋ ಹಾಗೆ.

ಉಳಿದದ್ದು ಸಮತೂಕ. ಮೌಂಟಿನ ಒಂದು ಕಡೆ ಟೆಲಿಸ್ಕೋಪು, ಇನ್ನೊಂದು ಕಡೆ ಸರಳಿಗೆ ಸಿಕ್ಕಿಸೋ ತೂಕ. ಜೊತೆಗೆ ಬಂದ ತೂಕ ಸಾಲಲಿಲ್ಲ, ಕ್ಯಾಮೆರಾ ಸೇರಿ ಈ ಕಡೆ ಭಾರ ಜಾಸ್ತಿ. ಇನ್ನೊಂದು ತರಿಸಬಹುದಿತ್ತು. ಆದರೆ ತೂಕದ ಕಲ್ಲಿನ ಮಧ್ಯೆ ಹುಟ್ಟಿ ಬೆಳೆದವನು ಊರಾಚೆಯಿಂದ ತೂಕ ತರಿಸೋದಾ? ಅಟ್ಟದ ಮೇಲೆ ಕಲ್ಯಾಣದುರ್ಗದ ಅಂಗಡಿಯ ಸಾಮಾನಿತ್ತು. ಅದರಿಂದ ಐದು ಕೇಜಿ ಕಲ್ಲು ತೆಗೆದುಕೊಂಡು ಲೇಥ್ ಮಸ್ತಾನನ ಹತ್ರ ಹೋದೆ. ಅವನು ಕಲ್ಲನ್ನ ತಿರುಗಿಸಿ ನೋಡಿ, "ಅಣ್ಣಾ, ಸೀಸದ ಬಿಲ್ಲೆ ಮೇಲೆ ಸರ್ಕಾರಿ ಮುದ್ರೆ ಐತೆ. ತೂತು ಹಾಕುದ್ರೆ ನಾಳೆ ನನ್ ಮೇಲೆ ಬರಲ್ಲ ಅಲ್ವಾ?" ಅಂದ. ಎಲ್ಲ ನನ್ನ ಮೇಲೆ, ನೀನು ಹಾಕು ಅಂದೆ. ನಿಜವಾಗಿಯೂ ಎಲ್ಲ ನನ್ನ ಮೇಲೇ ಬಂತು.

ಮನೆಗೆ ತಂದು ಮೇಜಿನ ಮೇಲಿಟ್ಟು ಕೈ ತೊಳೆಯೋಕೆ ಹೋಗಿದ್ದೆ. ಬಂದು ನೋಡಿದರೆ ಅಪ್ಪ ಆ ಕಲ್ಲಿನ ಮುಂದೆ ನಿಂತಿದ್ದ. ತೂತಿನೊಳಗೆ ಕಿರುಬೆರಳು ಹಾಕಿ ನೋಡುತ್ತಿದ್ದ. ಅದು ಅವನ ಕಲ್ಲು. ವರ್ಷಾ ವರ್ಷಾ ಕೈಯಾರೆ ಹೊತ್ತುಕೊಂಡು ಹೋಗಿ ಮುದ್ರೆ ಹಾಕಿಸಿಕೊಂಡು ಬರ್ತಿದ್ದ ಕಲ್ಲು.

"ಇದ್ರಾಗೆ ಯಾರಿಗೆ ತೂಗ್ತೀಯಾ?" ಅಂದ.

ನಾನು ಹೇಳೋಕೆ ಹೋದೆ. ನಕ್ಷತ್ರ, ಫೋಟೋ, ಸರಳು, ಸಮತೂಕ. ನನ್ನ ಬಾಯಲ್ಲಿ ಬಂದದ್ದು ನನಗೇ ಕಳ್ಳನ ಸಬೂಬಿನ ಹಾಗೆ ಕೇಳಿಸಿತು. ಅಪ್ಪ ಪೂರ್ತಿ ಕೇಳಲಿಲ್ಲ. "ನಮ್ಮ ಮನೇತನದಾಗೆ ಕಲ್ಲು ಕೊರೆದೋರು ಇರಲಿಲ್ಲ" ಅಂದು ಒಳಗೆ ಹೋದ. ಮಾರನೆಯ ದಿನ ಅಂಗಡಿಗೆ ಬರಲಿಲ್ಲ. ಆಚೆ ದಿನವೂ ಬರಲಿಲ್ಲ. ಶಾಂತ ಎರಡು ಸಲ ತಟ್ಟೆ ಹಾಕಿ ಕರೆದರೆ ಒಂದು ಸಲ ಬಂದು ಅರ್ಧ ಮುದ್ದೆ ಬಿಟ್ಟು ಏಳ್ತಿದ್ದ. ಒಂದು ಸಲ ಅವನ ತಕ್ಕಡಿಯನ್ನ ಸುಳ್ಳುಗಾರ ಅಂದೆ, ಈಗ ನಾನೇ ಕಳ್ಳನಾದೆ. ಈ ಸಲ ಸುಮ್ಮನಿದ್ದರೆ ಅವನು ಹಾಗೇ ತಿಳಕೊಂಡು ಕಣ್ಣು ಮುಚ್ಚಿಬಿಡ್ತಾನೆ ಅನ್ನೋ ಭಯ ನನಗೆ ಹತ್ತಿತು. ಮೂರನೆಯ ದಿನ ಶಿವರಾತ್ರಿ. ಪೂಜೆ ಮುಗಿಸಿ ಬಂದವನ ಕಾಲಿಗೆ ಬಿದ್ದು, "ನಾಳೆ ಅಕ್ಕನ ಊರಿಗೆ ಬಾ. ಆ ಕಲ್ಲು ಏನು ಮಾಡ್ತೈತೆ ಅಂತ ಕಣ್ಣಾರೆ ನೋಡು. ಆಮೇಲೆ ಏನು ಬೇಕಾದ್ರೂ ಅನ್ನು" ಅಂದೆ. ಅಪ್ಪ ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಬತ್ತೀನಿ ನಡಿ" ಅಂದ.

ಮಾರನೆಯ ದಿನ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿದೆವು. ನಮ್ಮ ಹಳೆಯ ಅಂಗಡಿ ಇದ್ದ ಕಡೆಗೆ ಅಪ್ಪ ತಿರುಗಿ ನೋಡಲಿಲ್ಲ, ನಾನೂ ನೋಡು ಅನ್ನಲಿಲ್ಲ. ಕಲ್ಲು ನನ್ನ ತೊಡೆಯ ಮೇಲೆ ಚೀಲದಲ್ಲಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಅದು ನನ್ನನ್ನೇ ಗುದ್ದುತ್ತಿತ್ತು.

ಸಂಜೆ ಊಟಕ್ಕೆ ಮುಂಚೆಯೇ ಹೊಲಕ್ಕೆ ಹೋದೆವು. ಅಮಾವಾಸ್ಯೆ. ಏಳೂವರೆ ಎಂಟಕ್ಕೆಲ್ಲ ಕತ್ತಲು ಗಟ್ಟಿಯಾಗಿ, ತಕ್ಕಡಿ ನೆತ್ತಿ ದಾಟಿ ಪಡುವಣಕ್ಕೆ ಆಗ ತಾನೇ ವಾಲಿತ್ತು. ಭಾವ ಹಗ್ಗದ ಮಂಚ ಹಾಕಿ ಅಪ್ಪನ್ನ ಕೂರಿಸಿದ. ನಾನು ಮೌಂಟಿನ ಮೇಲೆ ಟೆಲಿಸ್ಕೋಪು ಕೂರಿಸಿ, ಆ ಕಡೆ ಸರಳಿಗೆ ಕಲ್ಲು ಸಿಕ್ಕಿಸಿ, ಬಿಗಿ ಸಡಿಲಿಸಿ ಸಮತೂಕ ನೋಡಿದೆ. ಅರ್ಧ ಗಂಟೆ ಅದನ್ನೇ ಮಾಡಿದೆ. ಕೈ ಬಿಟ್ಟರೆ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಸೊನ್ನೆ ಅಂದರೆ ಸೊನ್ನೆ. ಎಲೆಕ್ಟ್ರಾನಿಕ್ ಕಾಟಾದವನು ಬೇರೆ ಹೇಗೆ ತೂಗ್ತಾನೆ?

ಮೂರು ನಿಮಿಷದ ಮೊದಲನೇ ಫೋಟೋ ಲ್ಯಾಪ್‌ಟಾಪಿನಲ್ಲಿ ಬಂತು. ಒಂದೊಂದು ಚುಕ್ಕಿಯೂ ಜೋಡಿ ಬೀಜದ ಕಡ್ಲೆಕಾಯಿ ಆಗಿತ್ತು. ಇನ್ನೊಂದು ತೆಗೆದೆ, ಮತ್ತೆ ಕಡ್ಲೆಕಾಯಿ. ನಾಲ್ಕು ತೆಗೆದೆ, ನಾಲ್ಕೂ ಕಡ್ಲೆಕಾಯಿ. ಪೈಪು ಅಲುಗಿಲ್ಲ, ಗಾಳಿ ಇಲ್ಲ, ಧ್ರುವನ ಗುರಿ ಸರಿ ಇದೆ. ಆರಿಸಿದ್ದು ಮೂರು ಪಟ್ಟು ಗಟ್ಟಿ ಮೌಂಟು. ಕಣ್ಣಾರೆ ನೋಡು ಅಂತ ಕರಕೊಂಡು ಬಂದು ಅಪ್ಪನ ಮುಂದೆ ಇದಾ ನಾನು ತೋರಿಸೋದು ಅಂತ ನನಗೆ ಅಳುವೇ ಬಂತು.

ಅಪ್ಪ ಮಂಚದಿಂದ ಎದ್ದು ಬಂದ. ಟಾರ್ಚು ಕೇಳಿ ಇಸಕೊಂಡು ಕಲ್ಲನ್ನ ನೋಡಿದ, ತೂತಿನಲ್ಲಿ ತೂರಿಕೊಂಡ ಸರಳು ನೋಡಿದ, ಆ ಕಡೆಯ ಟೆಲಿಸ್ಕೋಪು ನೋಡಿದ.

"ಇದು ತಕ್ಕಡೀನೇ ಅಲ್ವೇನ್ಲಾ?" ಅಂದ.

"ಹೂಂ ಅಪ್ಪ, ಅದಕ್ಕೇ ಕಲ್ಲು ಬೇಕಿತ್ತು."

"ಇದ್ರಾಗೆ ಸರಕು ಯಾವ್ದು?"

"ಟೆಲಿಸ್ಕೋಪು."

"ಲೆವೆಲ್ಲಿಗೆ ಬಿಟ್ಟಿದ್ದೀಯಾ?"

"ಒಂದು ಕೂದಲೂ ಆ ಕಡೆ ಈ ಕಡೆ ಇಲ್ಲ" ಅಂದೆ. ಅಷ್ಟು ಅಳುವಿನಲ್ಲೂ ಸ್ವಲ್ಪ ಜಂಬ ಬಂತು.

"ಅದಕ್ಕೇ ಕುಣೀತೈತೆ" ಅಂದ ಅಪ್ಪ. "ಲೆವೆಲ್ನಾಗೆ ಇರೋದಕ್ಕೆ ಒರಗಾಕೆ ಜಾಗ ಇಲ್ಲ ಕಣ್ಲಾ. ಅತ್ಲಾಗೋ ಇತ್ಲಾಗೋ ಅಂತ ಒದ್ದಾಡ್ತಾ ಇರ್ತೈತೆ. ಮೊಗ್ಗು ಕೊಟ್ರೆ ಒಂದು ಕಡೆ ಒರಗಿ ಸುಮ್ಕೆ ನಿಲ್ತೈತೆ. ನಾನೇನು ಧರ್ಮಕ್ಕೆ ಮಾತ್ರ ಮೊಗ್ಗು ಕೊಡ್ತಿದ್ದೆ ಅಂದ್ಕಂಡಿದ್ಯಾ? ತಕ್ಕಡಿ ನಿಲ್ಲಾಕೂ ಅದೇ ಬೇಕು."

ಹೇಳಿ, ನನ್ನನ್ನ ಕೇಳದೆ, ಕಲ್ಲಿಗೆ ಕೈ ಹಾಕಿದ. ಸ್ಕ್ರೂ ಸಡಿಲಿಸು ಅಂದ. ಸಡಿಲಿಸಿದೆ. ಎರಡೂ ಅಂಗೈಯಲ್ಲಿ ಕಲ್ಲನ್ನ ಹಿಡಿದು ಸರಳಿನ ಮೇಲೆ ಒಂದೇ ಒಂದು ಬೆರಳು ಮೇಲಕ್ಕೆ ಸರಿಸಿದ. ಟೆಲಿಸ್ಕೋಪಿನ ಕಡೆ ಮೆಲ್ಲಗೆ ಬಾಗಿತು. "ಬಿಗಿ ಮಾಡು" ಅಂದ. ಬಿಗಿ ಮಾಡಿದೆ. ಮೂವತ್ತು ವರ್ಷದ ಮೇಲೆ ಅಪ್ಪ ಏನನ್ನಾದರೂ ತೂಗಿದ್ದು ಅವತ್ತೇ.

ಇದರ ವಿಜ್ಞಾನ ನಾನು ಆಮೇಲೆ ಓದಿದೆ. ಮೌಂಟಿನೊಳಗೆ ಹಲ್ಲುಚಕ್ರ ಇರ್ತವೆ. ಹಲ್ಲಿಗೂ ಹಲ್ಲಿಗೂ ನಡುವೆ ಕಣ್ಣಿಗೆ ಕಾಣದಷ್ಟು ಸಂದು. ಪೂರಾ ಸಮತೂಕ ಇದ್ದರೆ ಟೆಲಿಸ್ಕೋಪು ಆ ಸಂದಿನಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತೆ. ಮೂಡಲ ಕಡೆಗೆ ಸ್ವಲ್ಪ ಭಾರ ಬಿಟ್ಟರೆ ಹಲ್ಲಿಗೆ ಹಲ್ಲು ಒರಗಿಕೊಂಡೇ ಸಾಗುತ್ತೆ, ಅಲುಗಲ್ಲ. ಫೋಟೋ ತೆಗೆಯೋ ದೊಡ್ಡ ದೊಡ್ಡವರೆಲ್ಲ ಹಾಗೇ ಮಾಡೋದಂತೆ. ಅವತ್ತು ಮೂಡಲ ಕಡೆಗಿದ್ದದ್ದು ಟೆಲಿಸ್ಕೋಪು, ಅಪ್ಪನ ಸರಕು. ಟೆಲಿಸ್ಕೋಪು ಪಡುವಣದ ಕಡೆಗಿದ್ದಾಗ ಮೊಗ್ಗನ್ನ ಕಲ್ಲಿನ ಕಡೆಗೆ ಕೊಡಬೇಕು ಅಂತಲೂ ಓದಿದ್ದೀನಿ. ಅದನ್ನ ಅಪ್ಪನಿಗೆ ಹೇಳಿಲ್ಲ. ಹೇಳೋದೂ ಇಲ್ಲ.

ಐದನೇ ಫೋಟೋ ಬಂತು. ಚುಕ್ಕಿಗಳೆಲ್ಲ ಸಾಸಿವೆಯ ಹಾಗೆ ಗುಂಡಗೆ. ತಕ್ಕಡಿಯ ಕೋಲಿನ ಮೂರು ಚುಕ್ಕಿ ಓರೆಯಾಗಿ, ಅವುಗಳ ಕೆಳಗೆ ಆ ಸರಕು, ಕೆಂಪು, ನೇರಳೆ, ಅಂಚಿನಲ್ಲಿ ತಿಳಿನೀಲಿ. ಭಾವ ಬಾಯಿ ತೆರೆದುಕೊಂಡು ನಿಂತ. ಅಪ್ಪ ಲ್ಯಾಪ್‌ಟಾಪಿಗೆ ಮೂಗು ತಾಗೋ ಹಾಗೆ ಬಗ್ಗಿ ನೋಡಿದ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. "ಸರಕು ಇಷ್ಟೊಂದು ಐತಾ ಅದ್ರಾಗೆ" ಅಂದ.

ನಾನು ಇನ್ನು ತಡೆಯಲಾರದೆ ಹೇಳಿಬಿಟ್ಟೆ. "ಅಪ್ಪಾ, ಅವತ್ತು ಅಂಗಡೀಲಿ ನಾನು ಅಂದದ್ದು ತಪ್ಪು."

"ಯಾವತ್ತು?"

"ಬೆಲ್ಲ ತೂಗಿದ ದಿವಸ. ನಿನ್ನ ತಕ್ಕಡಿ..."

"ನಂಗೆ ಅವೆಲ್ಲ ಎಲ್ಲಿ ಗ್ಯಾನ ಇರ್ತೈತಪ್ಪ" ಅಂದ ಅಪ್ಪ. "ಮಂಜು ಬೀಳ್ತೈತೆ, ಆ ಟವಲ್ ಕೊಡು ಇತ್ಲಾಗೆ."

ಮರೆತಿದ್ದಾನೆ ಅಂತಲೇ ನಾನು ತಿಳಕೊಂಡೆ. ಎಂಬತ್ತನಾಲ್ಕು ವರ್ಷ ಅಲ್ಲವಾ. ಮರೆತದ್ದೇ ಒಳ್ಳೇದಾಯ್ತು ಅಂತ ಅರ್ಧ ಸಮಾಧಾನ, ಅಷ್ಟು ವರ್ಷ ನಾನೊಬ್ಬನೇ ಅದನ್ನ ಹೊತ್ತೆನಲ್ಲ ಅಂತ ಅರ್ಧ ಬೇಜಾರು.

ಆ ಫೋಟೋ ದೊಡ್ಡದಾಗಿ ಹಾಕಿಸಿ, ಕಟ್ಟು ಹಾಕಿಸಿ ಅಂಗಡಿಯಲ್ಲಿ ಅಪ್ಪನ ಸ್ಟೂಲಿನ ಮೇಲ್ಗಡೆ ತಗಲುಹಾಕಿದ್ದೀನಿ. ಹೋದ ವಾರ ಗೋರಂಟ್ಲದಿಂದ ಹುಣಸೇಹಣ್ಣಿನ ವ್ಯಾಪಾರಿಯೊಬ್ಬರು ಕೆಟ್ಟ ಕಾಟಾ ತಂದಿದ್ದರು. ನಾನು ಕಾಟಾ ಬಿಚ್ಚಿಕೊಂಡು ತಲೆ ಬಗ್ಗಿಸಿ ಕೂತಿದ್ದೆ. ಅವರು ಫೋಟೋ ನೋಡಿ, "ಇದೇಮಿ ಪೆದ್ದಾಯನಾ, ಯಾವ ದೇವರು?" ಅಂತ ಅಪ್ಪನ್ನ ಕೇಳಿದರು.

"ದೇವರಲ್ಲ. ನಮ್ಮ ತಕ್ಕಡಿ" ಅಂದ ಅಪ್ಪ. "ಕಲ್ಲೇಣದುರ್ಗದಾಗೆ ಅಂಗಡಿ ಇದ್ದಾಗ, ಇಕಾ ಇವ್ನು, ನನ್ನ ತಕ್ಕಡಿ ಸುಳ್ಳು ಹೇಳ್ತೈತೆ ಅಂದ. ಕೇಜಿಗೆ ಇಪ್ಪತ್ತೆರಡು ಗ್ರಾಂ ಜಾಸ್ತಿ ಅಂತ ನಾಲ್ಕು ಜನದ ಮುಂದೆ ತೂಗಿ ತೋರಿಸ್ದ."

ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಇಪ್ಪತ್ತೆರಡು. ನನಗೇ ನೆನಪಿರಲಿಲ್ಲ.

"ಈಗ ನೋಡಪ್ಪ," ಅಂದ ಅಪ್ಪ, ಸ್ಟೂಲಿನಿಂದ ಎದ್ದು ಫೋಟೋದ ಗಾಜನ್ನ ಟವಲಿನಲ್ಲಿ ಒರೆಸುತ್ತಾ, "ಆ ಇಪ್ಪತ್ತೆರಡು ಗ್ರಾಂನಾಗೆ ಆಕಾಶಾನೇ ಅಲ್ಲಾಡ್ದಂಗೆ ನಿಲ್ಲಿಸವ್ನೆ ನನ್ನ ಮಗ."